ಹೊಳೆಯುವ ಗುಂಡಿನೊಳಗಿನ ತೂತು

ಫೆಬ್ರವರಿ 9, 2025, ಭಾನುವಾರ

ಇವತ್ತು ಪೂರ್ತಿ ಸೀಸದ ಕೆಲಸ. ಬಾಯಿಯಿಂದ ಮದ್ದು ತುಂಬುವ ಕೋವಿಗೆ ಗುಂಡು ಎರಕ ಹೊಯ್ದು ತುಂಬಾ ದಿನವಾಗಿತ್ತು, ಡಬ್ಬಿಯಲ್ಲಿ ಹತ್ತೋ ಹನ್ನೆರಡೋ ಉಳಿದಿದ್ದವು ಅಷ್ಟೆ. ತಮ್ಮನೂ ಕಲಿಯುತ್ತೇನೆ ಅಂತ ಜೊತೆಗೆ ಕೂತ. ಅವನು ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಾ ಮಾಡಿದ್ದರಿಂದ ಕೆಲಸ ನಿಧಾನವಾಯಿತು, ಆದರೆ ಚೆನ್ನಾಗಿ ಆಯಿತು.

ಸೀಸ ಮೆತ್ತಗಿರಬೇಕು. ಉಗುರಿನಲ್ಲಿ ಗೀರಿದರೆ ಗೆರೆ ಬೀಳಬೇಕು. ಕಾರಿನ ಚಕ್ರಕ್ಕೆ ಹೊಡೆಯುವ ತೂಕದ ತುಂಡುಗಳಲ್ಲಿ ಆಂಟಿಮನಿ ಅನ್ನುವ ಇನ್ನೊಂದು ಲೋಹ ಸೇರಿರುತ್ತದೆ. ಅದು ಗಡುಸು, ಗುಂಡು ಒಂದು ಕೂದಲೆಳೆ ದಪ್ಪವೂ ಬರುತ್ತದೆ, ನಳಿಗೆಯೊಳಗೆ ತಳ್ಳುವುದು ಕಷ್ಟ. ಹಳೆ ಬ್ಯಾಟರಿ ಒಡೆದು ತೆಗೆದ ಸೀಸವನ್ನಂತೂ ಮುಟ್ಟಲೇಬಾರದು, ಅದರಿಂದ ಏಳುವ ಅನಿಲ ಬರೀ ವಿಷ.

ಒಲೆ ಹಚ್ಚಿದ್ದು ಹೊರಗೆ, ಗಾಳಿಯಾಡುವ ಕಡೆ. ಕನ್ನಡಕ, ತೊಗಲಿನ ಕೈಗವಸು, ಉದ್ದ ತೋಳಿನ ಅಂಗಿ, ಮುಚ್ಚಿದ ಶೂ. ಇದರಲ್ಲಿ ಒಂದು ಕಮ್ಮಿಯಾದರೂ ನಾನು ಶುರು ಮಾಡುವುದಿಲ್ಲ. ಹತ್ತಿರದಲ್ಲಿ ನೀರಿನ ಚೊಂಬು ಕೂಡ ಇಡುವುದಿಲ್ಲ. ಕರಗಿದ ಸೀಸದೊಳಗೆ ಒಂದು ಹನಿ ಹೋದರೆ ಸಾಕು, ಅದು ಆ ಕ್ಷಣಕ್ಕೆ ಆವಿಯಾಗಿ ಬಿಸಿ ಲೋಹವನ್ನು ಮುಖಕ್ಕೆ ಎರಚುತ್ತದೆ. ತಮ್ಮ ಪಾತ್ರೆಗೆ ಇನ್ನೊಂದು ಗಟ್ಟಿ ಹಾಕಲು ಹೋದಾಗ ಕೈ ಹಿಡಿದು ನಿಲ್ಲಿಸಿದೆ. ಮೊದಲು ಒಲೆಯ ಪಕ್ಕ ಇಟ್ಟು ಬಿಸಿ ಮಾಡಿ, ಪಸೆ ಪೂರ್ತಿ ಆರಿದ ಮೇಲೇ ಒಳಗೆ ಇಳಿಸಬೇಕು.

ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಆದರೆ ಆಗ ತಾನೇ ಕರಗಿದ್ದನ್ನು ಹೊಯ್ದರೆ ಅಚ್ಚು ತುಂಬುವ ಮೊದಲೇ ಗಟ್ಟಿಯಾಗುತ್ತದೆ. ನಾನು 400ರ ಆಸುಪಾಸಿನಲ್ಲಿ ಇಡುತ್ತೇನೆ. ಒಂದು ಚೂರು ಜೇನುಮೇಣ ಹಾಕಿ ತಳದಿಂದ ಕಲಕಿದಾಗ ಹೊಗೆ ಬಂದು, ಭಗ್ ಅಂತ ಉರಿದು, ಬೂದಿ ಬಣ್ಣದ ಕಿಟ್ಟ ಮೇಲೆ ತೇಲಿತು. ಅದನ್ನು ಸೌಟಿನಲ್ಲಿ ತೆಗೆದು ಮುಚ್ಚಳದ ಡಬ್ಬಿಗೆ ಹಾಕಿದೆ. ಆ ಪುಡಿ ಗಾಳಿಗೆ ಹಾರಬಾರದು. ಈ ಕೆಲಸದಲ್ಲಿ ಹೊಗೆಗಿಂತ ಜಾಸ್ತಿ ಹೆದರಬೇಕಾದ್ದು ಆ ಪುಡಿಗೆ.

ಮೊದಲ ಹದಿನಾಲ್ಕು ಗುಂಡು ಸುಕ್ಕುಸುಕ್ಕು. ಅಚ್ಚು ತಣ್ಣಗಿದ್ದರೆ ಹಾಗೇ ಆಗುತ್ತದೆ, ನೋಡದೆ ವಾಪಸ್ ಹಾಕುವುದು. ಹದಿನೈದನೆಯದು ಕನ್ನಡಿಯ ಹಾಗೆ ಬಂತು. ಅಲ್ಲಿಂದ ಮುಂದೆ ಎಲ್ಲಾ ಲಯದ ಮೇಲೆ. ಹೊಯ್ಯಿ, ಕಾಯಿ, ಅಚ್ಚಿನ ಮೇಲಿನ ತಟ್ಟೆ ಸರಿಸಿ ತೊಟ್ಟು, ಅಂದರೆ ಮೇಲೆ ಉಳಿದ ಹೆಚ್ಚಿನ ಸೀಸ, ಕತ್ತರಿಸು, ಅಚ್ಚು ಬಿಚ್ಚಿ ದಪ್ಪ ಬಟ್ಟೆಯ ಮೇಲೆ ಬೀಳಿಸು, ಮತ್ತೆ ಹೊಯ್ಯಿ. ಮಧ್ಯದಲ್ಲಿ ಮಾತಾಡುತ್ತಾ ನಿಂತರೆ ಅಚ್ಚು ತಣ್ಣಗಾಗಿ ಮತ್ತೆ ಸುಕ್ಕು ಶುರು.

ಮಧ್ಯಾಹ್ನ ತೂಕಕ್ಕೆ ಕೂತೆವು. ನನ್ನ ಕೋವಿಯ ನಳಿಗೆ 0.50 ಇಂಚು, ಗುಂಡು 0.490. ಶುದ್ಧ ಸೀಸದಲ್ಲಿ ಈ ಗುಂಡು ಸುಮಾರು 177 ಗ್ರೇನ್ ತೂಗಬೇಕು, ಅಂದರೆ ಹನ್ನೊಂದೂವರೆ ಗ್ರಾಂಗೆ ಒಂಚೂರು ಕಮ್ಮಿ. ಒಂದಾದ ಮೇಲೊಂದು 176, 177, 177 ಅಂತ ಬರುತ್ತಿತ್ತು. ಆಮೇಲೆ ಒಂದು 173. ರಾಶಿಯಲ್ಲೆಲ್ಲ ಅದೇ ಜಾಸ್ತಿ ಹೊಳೆಯುತ್ತಿತ್ತು, ಮೈಮೇಲೆ ಒಂದು ಗೀರೂ ಇರಲಿಲ್ಲ.

"ಅಣ್ಣಾ, ಇಷ್ಟು ಚೆನ್ನಾಗಿದೆಯಲ್ಲ, ಇದನ್ನು ಯಾಕೆ ಕರಗಿಸ್ತೀಯ?" ಅಂದ.

ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದೇ ವಾಸಿ ಅನ್ನಿಸಿತು. ತೊಟ್ಟಿನ ಗುರುತಿನ ಮೇಲೆ ಉಳಿ ಇಟ್ಟು ಸುತ್ತಿಗೆಯಿಂದ ತಟ್ಟಿದೆ. ಗುಂಡು ಎರಡು ಹೋಳಾಯಿತು. ತೊಟ್ಟಿನ ಕೆಳಗೇ ಒಂದು ತೂತು, ಕೊತ್ತಂಬರಿ ಕಾಳು ಕೂರುವಷ್ಟು, ಒಳಗಿನ ಗೋಡೆ ಒರಟು ಒರಟು. ತಮ್ಮ ಆ ಹೋಳನ್ನು ಬೆಳಕಿಗೆ ಹಿಡಿದು ಸುಮಾರು ಹೊತ್ತು ನೋಡಿದ.

ಸೀಸ ಗಟ್ಟಿಯಾಗುವಾಗ ಕುಗ್ಗುತ್ತದೆ, ನೂರಕ್ಕೆ 3 ಪಾಲಿಗಿಂತ ಜಾಸ್ತಿ. ಹೊರಗಿನ ಮೈ ಮೊದಲು ಗಟ್ಟಿ, ಒಳಗಿನದು ಕೊನೆಗೆ. ಕುಗ್ಗುವಾಗ ಮೇಲಿಂದ ಎಳೆದುಕೊಳ್ಳಲು ಇನ್ನೂ ಕರಗಿದ ಸೀಸ ಇರಬೇಕು, ಇಲ್ಲದಿದ್ದರೆ ಆ ಜಾಗ ಖಾಲಿ ಉಳಿಯುತ್ತದೆ. ಅದಕ್ಕೇ ಅಚ್ಚು ತುಂಬಿತು ಅಂತ ಸೌಟು ಎತ್ತಬಾರದು. ತಟ್ಟೆಯ ಮೇಲೆ ಒಂದು ದಪ್ಪ ಗುಡ್ಡೆ ನಿಲ್ಲುವಷ್ಟು ಹೊಯ್ಯಬೇಕು. ಗುಡ್ಡೆಯ ನಡುವೆ ಒಂದು ಸಣ್ಣ ಗುಳಿ ಬೀಳುವುದು ಕಣ್ಣಿಗೇ ಕಾಣುತ್ತದೆ. ಗುಂಡು ಕೆಳಗಿನಿಂದ ಎಳೆದುಕೊಂಡ ಗುರುತು ಅದು. ಆ ಗುಳಿ ನೋಡುವುದು ನನಗೆ ಇವತ್ತಿಗೂ ಖುಷಿ.

ತೂತಿರುವ ಗುಂಡಿನ ಭಾರ ನಡುವಿಗೆ ಇರುವುದಿಲ್ಲ. ನಳಿಗೆಯ ಸುರುಳಿ ಗೀರುಗಳು ಅದನ್ನು ತಿರುಗಿಸಿ ಬಿಟ್ಟಾಗ ಓಲಾಡುತ್ತಾ ಗುರಿಯಿಂದ ಸರಿಯುತ್ತದೆ. ನಾವು ಮದ್ದು ಅಳೆದು, ಉಸಿರು ಹಿಡಿದು, ಎಷ್ಟು ಜೋಪಾನವಾಗಿ ಹೊಡೆದರೂ ಅದು ತಪ್ಪೇ. ತೊಟ್ಟಿನ ಚಪ್ಪಟೆ ಗುರುತನ್ನು ಸರಿಯಾಗಿ ನಡುವೆ, ಮೇಲ್ಮುಖವಾಗಿ ಇಟ್ಟು ತುಂಬುವುದೂ ಇದೇ ಕಾರಣಕ್ಕೆ.

ತೂಕ ಹಾಕಿದ 83ರಲ್ಲಿ 79 ಪಾಸ್. ಉಳಿದ ನಾಲ್ಕು ಪಾತ್ರೆಗೆ ಹೋದವು, ಒಡೆದ ಹೋಳುಗಳನ್ನು ಮಾತ್ರ ತಮ್ಮ ಇಟ್ಟುಕೊಂಡ. ಬರಿಗೈಯಲ್ಲಿ ಮುಟ್ಟಬೇಡ ಅಂತ ಒಂದು ಸಣ್ಣ ಡಬ್ಬಿಗೆ ಹಾಕಿ ಕೊಟ್ಟೆ. ಇಬ್ಬರೂ ಸೋಪು ಹಾಕಿ ಮೊಣಕೈವರೆಗೆ ತೊಳೆದು, ಬಟ್ಟೆ ಬದಲಿಸಿ, ಆಮೇಲೇ ಊಟಕ್ಕೆ ಕೂತೆವು. ಆ ಬಟ್ಟೆಗಳನ್ನು ಬೇರೆಯಾಗಿ ಒಗೆಯಬೇಕು.

ಗುಂಡಿಗೆ ಸುತ್ತುವ ಹತ್ತಿ ಬಟ್ಟೆ ಇನ್ನೂ ಕತ್ತರಿಸಿಲ್ಲ. ದಪ್ಪ 0.015 ಇಂಚು ಇರುವುದನ್ನು ಅಳೆದು ಎತ್ತಿಟ್ಟಿದ್ದೇನೆ. ಅದು ಮುಂದಿನ ಭಾನುವಾರಕ್ಕೆ.