95 ಆಕ್ಟೇನ್ ಹಾಕಿಸಿದರೆ ಕಾರಿನ ಪಿಕಪ್ ಹೆಚ್ಚುತ್ತದೆಯೇ?

ದಾವಣಗೆರೆಯಿಂದ ಚಿತ್ರದುರ್ಗದತ್ತ ಹೋಗುವ ಹೆದ್ದಾರಿಯ ಬಂಕಿನಲ್ಲಿ ಕಾರು ನಿಲ್ಲಿಸಿದರೆ, ‘ನಾರ್ಮಲ್ಲಾ, ಪ್ರೀಮಿಯಮ್ಮಾ ಸರ್?’ ಎಂದು ಕೇಳುವುದು ಈಗ ರೂಢಿಯಾಗಿದೆ. ಪ್ರೀಮಿಯಂ ಎಂದರೆ 95ರಂಥ ಹೆಚ್ಚಿನ ಆಕ್ಟೇನ್ ಸಂಖ್ಯೆಯ ಪೆಟ್ರೋಲ್. ಹೆಚ್ಚಿನ ಆಕ್ಟೇನ್ ಎಂದರೆ ಹೆಚ್ಚು ಕಸುವಿನ ಪೆಟ್ರೋಲ್ ಎಂದು ನಂಬಿ ಲೀಟರಿಗೆ ಹಲವು ರೂಪಾಯಿ ಹೆಚ್ಚು ಕೊಡುವವರು ನನ್ನ ಬಳಗದಲ್ಲೇ ಇದ್ದಾರೆ. ಆದರೆ ಆಕ್ಟೇನ್ ಸಂಖ್ಯೆ ಪೆಟ್ರೋಲಿನ ಕಸುವನ್ನು ಅಳೆಯುವುದೇ ಇಲ್ಲ.

ಅದು ಅಳೆಯುವುದು ಪೆಟ್ರೋಲಿನ ತಾಳಿಕೆಯನ್ನು. ಸಿಲಿಂಡರಿನಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಪಿಸ್ಟನ್ ಒತ್ತಿದ ಮೇಲೆ ಸ್ಪಾರ್ಕ್ ಪ್ಲಗ್ ಕಿಡಿ ಹಚ್ಚುತ್ತದೆ, ಉರಿ ಅಲ್ಲಿಂದ ಕ್ರಮವಾಗಿ ಹರಡಬೇಕು. ಒತ್ತಡ ಮತ್ತು ಶಾಖ ಮಿತಿ ಮೀರಿದರೆ, ಉರಿ ಇನ್ನೂ ತಲುಪದ ಮೂಲೆಯಲ್ಲಿರುವ ಮಿಶ್ರಣ ತಾನಾಗಿಯೇ ಹೊತ್ತಿಕೊಂಡು ಸಿಡಿಯುತ್ತದೆ. ಆಗ ಕೇಳಿಬರುವ ಲೋಹದ ಕಟಕಟ ಸದ್ದನ್ನೇ ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುತ್ತಾರೆ. ಇದನ್ನು ಅಳೆಯಲು ಅಮೆರಿಕದ ರಸಾಯನವಿಜ್ಞಾನಿ ಗ್ರಹಾಂ ಎಡ್ಗರ್ 1926ರಲ್ಲಿ ಒಂದು ಮಾನದಂಡವನ್ನು ಸೂಚಿಸಿದರು: ಸುಲಭವಾಗಿ ನಾಕ್ ಆಗದ ಐಸೊಆಕ್ಟೇನ್ ಎಂಬ ದ್ರವಕ್ಕೆ 100, ಬಲುಬೇಗ ನಾಕ್ ಆಗುವ ಹೆಪ್ಟೇನ್ ಎಂಬ ದ್ರವಕ್ಕೆ ಸೊನ್ನೆ. 91 ಭಾಗ ಐಸೊಆಕ್ಟೇನ್ ಮತ್ತು 9 ಭಾಗ ಹೆಪ್ಟೇನ್ ಬೆರೆಸಿದ ಮಿಶ್ರಣದಷ್ಟೇ ತಾಳಿಕೆ ಇರುವ ಪೆಟ್ರೋಲ್ 91 ಆಕ್ಟೇನಿನದು.

ಹಾಗಾದರೆ ಶಕ್ತಿಯ ಮಾತು ಎಲ್ಲಿಂದ ಬಂತು? ಮಿಶ್ರಣವನ್ನು ಹೆಚ್ಚು ಒತ್ತಿದಷ್ಟೂ ಅದೇ ಇಂಧನದಿಂದ ಹೆಚ್ಚು ಕೆಲಸ ತೆಗೆಯಬಹುದು, ಹಾಗೆ ಒತ್ತಬೇಕಾದರೆ ನಾಕ್ ಆಗದ ಇಂಧನ ಬೇಕು. ಆದ್ದರಿಂದ ಹೆಚ್ಚಿನ ಕಂಪ್ರೆಷನ್ ಅನುಪಾತದ ಎಂಜಿನ್ನುಗಳಿಗೆ ಮತ್ತು ಗಾಳಿಯನ್ನು ಮೊದಲೇ ಒತ್ತಿ ಒಳಗೆ ನೂಕುವ ಕೆಲವು ಟರ್ಬೊ ಎಂಜಿನ್ನುಗಳಿಗೆ 95 ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಅವುಗಳಲ್ಲಿ ನಾಕ್ ಸೆನ್ಸರ್ ಇದ್ದು, ಸಿಡಿತದ ಸುಳಿವು ಸಿಕ್ಕ ಕೂಡಲೇ ಕಂಪ್ಯೂಟರ್ ಕಿಡಿಯನ್ನು ಸ್ವಲ್ಪ ತಡವಾಗಿ ಹಚ್ಚಿ ಎಂಜಿನ್ನನ್ನು ಕಾಪಾಡುತ್ತದೆ, ಅದರ ಬೆಲೆಯಾಗಿ ಒಂದಿಷ್ಟು ಶಕ್ತಿ ಕಳೆದುಹೋಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ಐದು ಜನರನ್ನು ಕೂರಿಸಿಕೊಂಡು, ಏಸಿ ಹಾಕಿಕೊಂಡು, ಗೇರ್ ಇಳಿಸದೆ ಜೋಗಿಮಟ್ಟಿ ಬೆಟ್ಟದ ಏರು ಹತ್ತುವಾಗ ಇಂಥ ಕಾರಿನಲ್ಲಿ 95ರ ವ್ಯತ್ಯಾಸ ಅನುಭವಕ್ಕೆ ಬಂದರೆ ಆಶ್ಚರ್ಯವಿಲ್ಲ. ಹಿಂದಿನ ಸಾದಾ ಪೆಟ್ರೋಲಿನ 91 ಆಕ್ಟೇನಿಗೆಂದೇ ಹೊಂದಿಸಿದ, ಟರ್ಬೊ ಇಲ್ಲದ ಸಾಮಾನ್ಯ ಎಂಜಿನ್ನಿಗೆ ಮಾತ್ರ ಆ ಹೆಚ್ಚುವರಿ ತಾಳಿಕೆಯನ್ನು ಬಳಸಿಕೊಳ್ಳುವ ದಾರಿಯೇ ಇಲ್ಲ.

ಆಕ್ಟೇನ್ ಬೇರೆ, ಶಕ್ತಿ ಬೇರೆ ಎನ್ನುವುದಕ್ಕೆ ಎಥೆನಾಲಿಗಿಂತ ಒಳ್ಳೆಯ ಸಾಕ್ಷಿ ಬೇಡ. ನಮ್ಮ ಜಿಲ್ಲೆಯ ಹೊಲಗಳಲ್ಲಿ ಎತ್ತ ನೋಡಿದರೂ ಕಾಣುವ ಮೆಕ್ಕೆಜೋಳದಿಂದ ಮತ್ತು ಕಬ್ಬಿನಿಂದ ತಯಾರಾಗುವ ಈ ಎಥೆನಾಲಿನ ಆಕ್ಟೇನ್ ಸಂಖ್ಯೆ ಸುಮಾರು 108. ಆದರೆ ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿನದರ ಮೂರನೆಯ ಎರಡು ಪಾಲು ಮಾತ್ರ. ಶೇಕಡಾ 20ರಷ್ಟು ಎಥೆನಾಲ್ ಬೆರೆತ ಈಗಿನ ಪೆಟ್ರೋಲಿಗೆ ಭಾರತೀಯ ಮಾನಕ ನಿಗದಿಪಡಿಸಿದ ಕನಿಷ್ಠ ಆಕ್ಟೇನ್ 95. ಅಂದರೆ ಆಕ್ಟೇನ್ ಏರಿದೆ, ಲೀಟರಿನಲ್ಲಿರುವ ಶಕ್ತಿ ಶೇಕಡಾ 6–7ರಷ್ಟು ಇಳಿದಿದೆ. ಮೈಲೇಜ್ ಕಡಿಮೆಯಾಯಿತು ಎಂದು ಹಳೆಯ ಕಾರಿನವರು ಗೊಣಗುವುದರಲ್ಲಿ ಹುರುಳಿದೆ. ಇದೇ ಪೆಟ್ರೋಲಿನ ಹೆಚ್ಚಿದ ಆಕ್ಟೇನನ್ನು ಬಳಸಿಕೊಳ್ಳುವಂತೆ ಹೊಂದಿಸಿದ ಹೊಸ ಎಂಜಿನ್ನುಗಳು ಈ ನಷ್ಟವನ್ನು ಒಂದಷ್ಟು ತುಂಬಿಕೊಳ್ಳಬಲ್ಲವು. ಸಾದಾ ಪೆಟ್ರೋಲಿನಲ್ಲೇ ಇಷ್ಟು ತಾಳಿಕೆ ಸಿಗುತ್ತಿರುವಾಗ ಪ್ರೀಮಿಯಂ ಕೊಳ್ಳುವ ಕಾರಣ ಇನ್ನಷ್ಟು ತೆಳುವಾಗಿದೆ ಎಂಬುದು ನನ್ನ ಅಭಿಪ್ರಾಯ.

ಪ್ರೀಮಿಯಂ ಹಾಕಿಸಿದ ಮೇಲೆ ಎಂಜಿನ್ ನಯವಾಗಿ ಓಡುತ್ತದೆ ಎನ್ನುವವರ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ದುಬಾರಿ ಪೆಟ್ರೋಲುಗಳಲ್ಲಿ ಇಂಜೆಕ್ಟರ್ ಮತ್ತು ವಾಲ್ವಿನ ಮಸಿಯನ್ನು ತೊಳೆಯುವ ರಾಸಾಯನಿಕಗಳನ್ನು ಬೆರೆಸಿರುವುದುಂಟು. ಸಾಮಾನ್ಯ ಎಂಜಿನ್ನಿನಲ್ಲಿ ಗುಣ ಕಂಡಿದ್ದರೆ ಅದು ಆಕ್ಟೇನಿನದಲ್ಲ, ಈ ತೊಳೆತದ್ದು. ಸಾದಾ ಕಾರಿನಲ್ಲಿ ನಾಕಿಂಗ್ ಕೇಳುತ್ತಿದ್ದರೆ ಮೊದಲು ನೋಡಬೇಕಾದದ್ದು ಸಿಲಿಂಡರಿನಲ್ಲಿ ಕಟ್ಟಿದ ಇಂಗಾಲ, ತಪ್ಪಾದ ಸ್ಪಾರ್ಕ್ ಪ್ಲಗ್ ಮತ್ತು ಎಂಜಿನ್ನಿನ ಕಾವು. ಎಷ್ಟು ಆಕ್ಟೇನ್ ಬೇಕೆಂಬುದನ್ನು ಕಾರಿನ ಕೈಪಿಡಿಯಲ್ಲಿ, ಹಲವು ಕಾರುಗಳಲ್ಲಿ ಟ್ಯಾಂಕಿನ ಮುಚ್ಚಳದ ಒಳಗೂ ಬರೆದಿರುತ್ತಾರೆ. ಅಲ್ಲಿ 95 ಎಂದಿದ್ದರೆ ಅದಕ್ಕಿಂತ ಕಡಿಮೆಯದು ಬೇಡ. 2020ರ ಡಿಸೆಂಬರಿನಲ್ಲಿ ಇಂಡಿಯನ್ ಆಯಿಲ್ ದೆಹಲಿಯಲ್ಲಿ 100 ಆಕ್ಟೇನ್ ಪೆಟ್ರೋಲನ್ನು ಲೀಟರಿಗೆ 160 ರೂಪಾಯಿಗೆ ಮಾರಾಟಕ್ಕಿಟ್ಟಿತು. ಅದು ದುಬಾರಿ ಸ್ಪೋರ್ಟ್ಸ್ ಕಾರು, ಬೈಕುಗಳನ್ನು ಕಣ್ಣಮುಂದಿಟ್ಟುಕೊಂಡು ತಂದದ್ದು, ಪಿ.ಬಿ. ರಸ್ತೆಯ ದಟ್ಟಣೆಯಲ್ಲಿ ಎರಡನೇ ಗೇರಿನಲ್ಲೇ ತೆವಳುವ ನನ್ನ 1.2 ಲೀಟರ್ ಎಂಜಿನ್ನಿಗೆ ಅಂಥದ್ದನ್ನು ಕುಡಿಸಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.