ಎರಡನೇ ಸಲ ನೋಡಿದ ನಾಡಿ

"ನಂಗೇನೂ ಆಗಿಲ್ಲ ಬಿಡಿ ಸಾರ್, ಅವನನ್ನ ನೋಡಿ."

ಆಂಬುಲೆನ್ಸ್ ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ಈ ಮಾತನ್ನು ನಾನು ಪೂರ್ತಿ ನಂಬಿಬಿಟ್ಟೆ.

ಜುಲೈ ತಿಂಗಳು, ಚಾರ್ಮಾಡಿ ಘಾಟಿ. ಮಳೆ, ಮಂಜು. ತಿರುವಿನಲ್ಲಿ ಬೈಕ್ ಜಾರಿ ಇಬ್ಬರು ಹುಡುಗರು ಬಿದ್ದಿದ್ದರು. ನಾನು ಕಿಟ್ ಹಿಡಿದು ಕೆಳಗಿಳಿದೆ, ಅಷ್ಟೇ. ಮಂಜಿನೊಳಗಿಂದ ಲಾರಿಯೊಂದು ಹಾರ್ನ್ ಹೊಡೆಯುತ್ತಾ ನೇರ ನನ್ನ ಕಡೆಗೇ ಬಂತು. ಓಡಬೇಕಿತ್ತು ಅಲ್ವಾ? ಓಡಲಿಲ್ಲ. ಸುಮ್ನೆ ನಿಂತೆ. ನಮ್ಮ ಡ್ರೈವರ್ ಕಾಲರ್ ಹಿಡಿದು ಎಳೆದರು. ಲಾರಿ ಹೋದ ಗಾಳಿ ಮುಖಕ್ಕೆ ಬಡಿಯಿತು.

ಕೈಕಾಲು ಆಡಲಿಲ್ಲ, ಬಾಯಿ ಒಣಗಿತು, ಎದೆ ಧಸಕ್ಕೆಂದಿತು, ಮುಖ ಬಿಳುಚಿಕೊಂಡಿತು ಅಂತ ನಾವು ದಿನಾ ಹೇಳುತ್ತೇವೆ. ಇದೆಲ್ಲ ಬರೀ ಮಾತಿನ ಅಲಂಕಾರ ಅಂತ ಅಂದುಕೊಂಡಿದ್ದೆ. ಟ್ರೈನಿಂಗ್‌ನಲ್ಲಿ ಕಲಿಸಿದ್ದೂ ಇದನ್ನೇ, ಇಂಗ್ಲಿಷ್ ಹೆಸರುಗಳಲ್ಲಿ. ಅಪಾಯ ಏನು ಅಂತ ನಮಗೆ ಅರ್ಥವಾಗುವ ಮೊದಲೇ ಮಿದುಳಿನ ಒಳಗಿನ ಅಮಿಗ್ಡಲ ಎಂಬ ಸಣ್ಣ ಭಾಗ ಎಚ್ಚೆತ್ತಿರುತ್ತದೆ. ನರಗಳ ಮೂಲಕ ಸುದ್ದಿ ಹೋಗಿ, ಕಿಡ್ನಿಗಳ ಮೇಲೆ ಟೋಪಿಯ ಹಾಗೆ ಕೂತಿರುವ ಗ್ರಂಥಿಗಳು ರಕ್ತಕ್ಕೆ ಅಡ್ರಿನಲಿನ್ ಸುರಿಯುತ್ತವೆ. ಚರ್ಮ ಮತ್ತು ಕರುಳಿನ ರಕ್ತನಾಳಗಳು ಬಿಗಿದುಕೊಂಡು ರಕ್ತ ದೊಡ್ಡ ಮಾಂಸಖಂಡಗಳ ಕಡೆ ತಿರುಗುತ್ತದೆ. ಮುಖ ಬಿಳುಚುವುದು, ಕೈ ತಣ್ಣಗಾಗುವುದು ಅದಕ್ಕೇ. ಕಣ್ಣಿನ ಪಾಪೆ ಅಗಲವಾಗುತ್ತದೆ, ಶ್ವಾಸನಾಳ ತೆರೆದುಕೊಳ್ಳುತ್ತದೆ, ಲಿವರ್ ಕೂಡಿಟ್ಟ ಸಕ್ಕರೆಯನ್ನು ಹೊರಗೆ ಬಿಡುತ್ತದೆ. ಓಡೋಕೆ, ಹೊಡೆದಾಡೋಕೆ ಎಲ್ಲಾ ರೆಡಿ. ಸೂಜಿಗೆ ದಾರ ಪೋಣಿಸೋಕೆ ಮಾತ್ರ ಆಗುವುದಿಲ್ಲ.

ನನಗೂ ಅವತ್ತು ಬಿಪಿ ಪಟ್ಟಿಯ ಟ್ಯೂಬನ್ನು ಮೀಟರಿಗೆ ಸಿಕ್ಕಿಸಲು ಮೂರು ಸಲ ಬೇಕಾಯಿತು.

ಹಿಂದೆ ಕೂತಿದ್ದ ಹುಡುಗನ ಮುಂಗೈ ಮುರಿದಿತ್ತು. ಅವನ ಕೂಗು ಬಿಟ್ಟರೆ ನನಗೆ ಬೇರೇನೂ ಕೇಳಿಸುತ್ತಿರಲಿಲ್ಲ. ಗಾಬರಿಯಾದಾಗ ಗಮನ ಹೀಗೇ ಕಿರಿದಾಗುತ್ತದೆ. ಎದುರಿಗಿರುವ ಒಂದೇ ಒಂದು ಸಂಗತಿ ದೊಡ್ಡದಾಗಿ ಕಾಣುತ್ತದೆ, ಪಕ್ಕದ್ದು ಅಳಿಸಿಹೋಗುತ್ತದೆ. ಪಕ್ಕದಲ್ಲಿ, ತಡೆಗೋಡೆಯ ಮೇಲೆ, ಬೈಕ್ ಓಡಿಸುತ್ತಿದ್ದವನು ಕೂತಿದ್ದ. ಒಂದೇ ಸಮನೆ ಮಾತಾಡುತ್ತಿದ್ದ. ಬೈಕಿನ ಇಂಡಿಕೇಟರ್ ಒಡೆದದ್ದು, ಅಪ್ಪ ಬೈಯುವುದು, ಮಧ್ಯೆ ನಗು ಬೇರೆ.

ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದೆ. ಬೆರಳು ಎಷ್ಟು ತಣ್ಣಗಿತ್ತೆಂದರೆ ಪರದೆಯ ಮೇಲೆ ಬರೀ ಗೀಟು ಬಂತು. ಸರಿ, ಮಣಿಕಟ್ಟು ಹಿಡಿದು ಎಣಿಸಿದೆ. 118. ಅದರಲ್ಲೂ ಅವನ ನಾಡಿ ಎಷ್ಟು, ನನ್ನ ಬೆರಳ ತುದಿಯಲ್ಲಿ ಬಡಿಯುತ್ತಿದ್ದ ನನ್ನದೇ ನಾಡಿ ಎಷ್ಟು, ದೇವರೇ ಬಲ್ಲ. ಬಿಪಿ ಸರಿಯಾಗೇ ಇತ್ತು. 'ಹೆದರಿದ್ದಾನೆ, ಅದಕ್ಕೇ ಜಾಸ್ತಿ' ಅಂದುಕೊಂಡು ಶೀಟಿನಲ್ಲಿ ಬರೆದು, ಕೈ ಮುರಿದವನ ಹತ್ತಿರ ಹೋದೆ.

ಅಷ್ಟರಲ್ಲಿ ದಾರಿಹೋಕರೊಬ್ಬರು ಫ್ಲಾಸ್ಕಿನಿಂದ ಚಹಾ ಕೊಟ್ಟರು, ಸಕ್ಕರೆ ಜಾಸ್ತಿ ಹಾಕಿದೆ ಕುಡಿ ಅಂತ. ಒಳ್ಳೆಯ ಮನಸ್ಸೇ. ಎರಡು ಗುಟುಕಿಗೆ ಬೈಕ್ ಓಡಿಸುತ್ತಿದ್ದ ಹುಡುಗ ವಾಂತಿ ಮಾಡಿಕೊಂಡ. 1890ರ ದಶಕದಲ್ಲಿ ಹಾರ್ವರ್ಡ್‌ನ ವಾಲ್ಟರ್ ಕ್ಯಾನನ್ ಬೆಕ್ಕುಗಳ ಹೊಟ್ಟೆಯನ್ನು ಎಕ್ಸ್‌ರೇಯಲ್ಲಿ ನೋಡುತ್ತಿದ್ದರು. ಬೆಕ್ಕು ಗಾಬರಿಯಾದ ಕೂಡಲೇ ಜೀರ್ಣದ ಅಲುಗಾಟ ನಿಂತೇ ಹೋಗುತ್ತಿತ್ತು. 'ಹೊಡೆದಾಡು ಇಲ್ಲವೇ ಓಡು' ಎಂಬ ವಿವರಣೆ ಮುಂದೆ ಅವರಿಂದಲೇ ಬಂತು. ಹಾಗಾಗಿ ಅಪಘಾತ ಆದವರಿಗೆ ನೀರು, ಸೋಡಾ, ಚಹಾ ಕೊಡಬೇಡಿ. ಆಪರೇಷನ್ ಬೇಕಾದರೆ ಹೊಟ್ಟೆ ಖಾಲಿ ಇದ್ದರೆ ಒಳ್ಳೆಯದು.

ವಾಂತಿಗೂ ಹೆದರಿಕೆಯೇ ಕಾರಣ ಅಂದುಕೊಂಡೆ ನಾನು. ನಮ್ಮ ಸೀನಿಯರ್ ಮಾತ್ರ ಗಡಿಯಾರ ನೋಡಿದರು. "ಆಗಲೇ ಹತ್ತು ನಿಮಿಷ ಆಯ್ತು. ಮತ್ತೆ ಎಣಿಸು."

132.

ರಕ್ತಕ್ಕೆ ಬಂದ ಅಡ್ರಿನಲಿನ್ ಎರಡು ಮೂರು ನಿಮಿಷಕ್ಕೆ ಅರ್ಧಕ್ಕಿಳಿಯುತ್ತದೆ. ಹೆದರಿಕೆಯ ನಾಡಿಯಾದರೆ, ಕೂತು ಸುಧಾರಿಸಿಕೊಂಡ ಮೇಲೆ ಸಾಮಾನ್ಯವಾಗಿ ಇಳಿಮುಖವಾಗಬೇಕು. ಒಳಗೆ ರಕ್ತ ಸೋರುತ್ತಿದ್ದರೆ ಏರುತ್ತದೆ. ಮೊದಲ ಐದು ನಿಮಿಷದಲ್ಲಿ ಎರಡೂ ಒಂದೇ ಥರ ಕಾಣುತ್ತವೆ: ಬಿಳಿ ಮುಖ, ತಣ್ಣನೆ ಬೆವರು, ಓಡುವ ನಾಡಿ. ಬಿಪಿಯನ್ನು ನೆಚ್ಚಿಕೊಂಡರೂ ಕೆಟ್ಟಿರಿ. ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ ಇರುತ್ತದೆ. ಗಟ್ಟಿಮುಟ್ಟಾದ ಹುಡುಗರ ದೇಹ ರಕ್ತನಾಳಗಳನ್ನು ಬಿಗಿಹಿಡಿದು, ಹೆಚ್ಚುಕಡಿಮೆ ಒಂದೂವರೆ ಲೀಟರ್ ಹೋಗುವವರೆಗೂ ಬಿಪಿ ಬೀಳದಂತೆ ತಡೆಯಬಲ್ಲದು. ಆಮೇಲೆ ಒಮ್ಮೆಲೇ ಬೀಳುತ್ತದೆ.

ನೋವು? ಅದನ್ನೂ ಆ ಹೊತ್ತಿಗೆ ಮೈಯೇ ಅಡಗಿಸಿಡಬಹುದು. ಮಿದುಳು ತನ್ನದೇ ನೋವುನಿವಾರಕಗಳನ್ನು ಬಿಡುತ್ತದೆ. ಹುಡುಗ ನಮಗೆ ಸುಳ್ಳು ಹೇಳಿರಲಿಲ್ಲ. ಅವನಿಗೆ ನಿಜಕ್ಕೂ ಏನೂ ಆಗಿಲ್ಲ ಅನ್ನಿಸುತ್ತಿತ್ತು.

"ಎಲ್ಲಾದ್ರೂ ನೋವಿದೆಯಾ?" ಅಂತ ಸೀನಿಯರ್ ಕೇಳಿದರು. "ಹೊಟ್ಟೆ ಏನಿಲ್ಲ ಸಾರ್. ಎಡ ಭುಜ ಯಾಕೋ ಹಿಡ್ಕೊಂಡಿದೆ" ಅಂದ. ಭುಜದ ಮೇಲೆ ಒಂದು ಗೀರೂ ಇರಲಿಲ್ಲ. ಅಂಗಿ ಎತ್ತಿದರೆ ಎಡಗಡೆ ಪಕ್ಕೆಲುಬಿನ ಕೆಳಗೆ ಹ್ಯಾಂಡಲ್ ತುದಿಯ ದುಂಡನೆ ಗುರುತು, ಎಂಟಾಣೆ ನಾಣ್ಯದಷ್ಟು. ಅದರ ಹಿಂದೆಯೇ ಗುಲ್ಮ, ಅಂದರೆ ಸ್ಪ್ಲೀನ್ ಎಂಬ ಅಂಗ, ಇರುವುದು. ಅದು ಹರಿದು ಸೋರಿದ ರಕ್ತ ಎದೆ-ಹೊಟ್ಟೆ ನಡುವಿನ ಪರದೆಗೆ ತಾಗಿದರೆ ನೋವು ಭುಜದಲ್ಲಿ ಕಾಣಿಸುತ್ತದೆ, ಏಕೆಂದರೆ ಪರದೆಯ ನರವೂ ಭುಜದ ನರಗಳೂ ಬೆನ್ನುಹುರಿಗೆ ಸೇರುವುದು ಕತ್ತಿನ ಒಂದೇ ಜಾಗದಲ್ಲಿ.

ಇಬ್ಬರನ್ನೂ ಒಟ್ಟಿಗೇ ಹಾಕಿಕೊಂಡು ಘಾಟಿ ಇಳಿದೆವು. ಅರ್ಧ ದಾರಿಗೆ ಹುಡುಗನ ಮಾತು ನಿಂತಿತ್ತು. ಆ ರಾತ್ರಿಯೇ ಆಪರೇಷನ್ ಆಯಿತು, ಗುಲ್ಮ ತೆಗೆದರು, ಉಳಿದ.

ವಾಪಸ್ ಬರುವಾಗ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸಿದೆವು. ಆಗ ನನ್ನ ಮಂಡಿ ನಡುಗಲು ಶುರುವಾಯಿತು. ಲಾರಿ ಹೋಗಿ ನಾಲ್ಕು ಗಂಟೆ ಆಗಿತ್ತು! ಡ್ರೈವರ್ ನಗಲಿಲ್ಲ, ಮೊದಲು ಕೂತ್ಕೋ ಅಂದರು.

ನಮ್ಮ ಕೇಸ್ ಶೀಟಿನಲ್ಲಿ ನಾಡಿಗೆ ಒಂದೇ ಕಾಲಂ ಇದೆ. ನಾನು ಮೊದಲನೆಯದನ್ನು ಅಲ್ಲಿ ಬರೆದು, ಹತ್ತು ನಿಮಿಷದ ನಂತರದ್ದನ್ನು ಟೈಮ್ ಸಮೇತ ಅಂಚಿನಲ್ಲಿ ಬರೆಯುತ್ತೇನೆ. ಗಲೀಜು ಮಾಡ್ತೀಯ ಅಂತ ಆಫೀಸಿನಲ್ಲಿ ಬೈಯುತ್ತಲೇ ಇರುತ್ತಾರೆ.