ಶಿಕಾಗೊದ ಬಯಲ ಕಲೆ, ಕ್ಯಾಮೆರಾ ಮತ್ತು ಅಪ್ಪಣೆ

ಶಿಕಾಗೊ ಪೇಟೆಯ ಪೂರ್ವಕ್ಕೆ ಮಿಶಿಗನ್ ಸರೋವರ, ಅದರ ದಂಡೆಯುದ್ದಕ್ಕೂ ಉದ್ಯಾನಗಳು, ಉದ್ಯಾನ ಮುಗಿದಲ್ಲಿಂದ ಗಗನಚುಂಬಿಗಳ ಸಾಲು. ಬೆಳಗಿನ ಬಿಸಿಲು ನೀರು ದಾಟಿ ನೇರವಾಗಿ ಆ ಸಾಲಿನ ಮುಖಕ್ಕೆ ಬೀಳುತ್ತದೆ. ಸಂಜೆಯಾದರೆ ಅದೇ ಕಟ್ಟಡಗಳು ಪಾರ್ಕಿಗೆ ನೆರಳು ಹಾಸುತ್ತವೆ. ಹಾಗಾಗಿ ಮಿಲೇನಿಯಂ ಪಾರ್ಕು ತೆರೆಯುವ ಹೊತ್ತಿಗೇ ನಾನು ಅಲ್ಲಿದ್ದೆ.

ಎಲ್ಲರಂತೆ ನಾನೂ ಮೊದಲು ಹೋದದ್ದು ‘ಕ್ಲೌಡ್ ಗೇಟ್’ ಕಡೆಗೆ. ಊರವರ ಬಾಯಲ್ಲಿ ಅದು ಬರೀ ‘ಬೀನ್’. ಮುಂಬೈಯಲ್ಲಿ ಹುಟ್ಟಿದ ಶಿಲ್ಪಿ ಅನೀಶ್ ಕಪೂರ್ ಅವರ ಕೃತಿ, ಕನ್ನಡಿಯಂತೆ ಹೊಳೆಯುವ ಕಾಳಿನಾಕಾರದ ಶಿಲ್ಪ. 168 ಸ್ಟೇನ್‌ಲೆಸ್ ಸ್ಟೀಲ್ ಫಲಕಗಳನ್ನು ಬೆಸೆದು, ಬೆಸುಗೆಯ ಗುರುತೂ ಉಳಿಯದಂತೆ ಉಜ್ಜಿದ್ದಾರೆ. ಹತ್ತು ಮೀಟರ್ ಎತ್ತರ, ಇಪ್ಪತ್ತು ಮೀಟರ್ ಉದ್ದ. ಫೋಟೊ ತೆಗೆಯುವವರಿಗೆ ಇದು ಕೊಡುವ ಕಾಟ ಸಾಮಾನ್ಯದ್ದಲ್ಲ. ಮೇಲ್ಭಾಗದಲ್ಲಿ ಆಕಾಶ ಬೆಳ್ಳಗೆ ಉರಿಯುತ್ತಿದ್ದರೆ ಕೆಳಗಿನ ಕಮಾನಿನೊಳಗೆ ಕತ್ತಲು. ಗಾಜು, ನೀರಿನ ಹೊಳಪನ್ನು ತಗ್ಗಿಸುವ ಪೋಲರೈಸರ್ ಎಂಬ ಲೆನ್ಸ್ ಫಿಲ್ಟರ್ ಲೋಹದ ಹೊಳಪಿನ ಮುಂದೆ ನಿಷ್ಪ್ರಯೋಜಕ. ಎಲ್ಲಿ ನಿಂತರೂ ಕ್ಯಾಮೆರಾ ಹಿಡಿದ ನಾನೇ ಚಿತ್ರದೊಳಗೆ! ದೂರ ಹೋಗಿ ಟೆಲಿಫೋಟೊ ಲೆನ್ಸ್ ಹಾಕಿದರೂ ಹುಡುಕಿದರೆ ಚುಕ್ಕೆಯಾಗಿ ಸಿಕ್ಕಿಯೇ ಸಿಗುತ್ತೇನೆ. ಕೊನೆಗೆ ಆಕಾಶಕ್ಕೆ ಎಕ್ಸ್‌ಪೋಶರ್ (ಕ್ಯಾಮೆರಾದೊಳಗೆ ಬಿಡುವ ಬೆಳಕಿನ ಪ್ರಮಾಣ) ಹೊಂದಿಸಿ, ಜನ ಕಪ್ಪು ಆಕೃತಿಗಳಾಗಲಿ ಎಂದು ಬಿಟ್ಟೆ. ನನಗೆ ಹಿಡಿಸಿದ್ದು ಅದೇ.

ನಿಂತಿರುವುದು ಸಾರ್ವಜನಿಕ ಜಾಗದಲ್ಲಾದರೂ ಇದರ ಹಕ್ಕುಸ್ವಾಮ್ಯ (ಕಾಪಿರೈಟ್) ಕಲಾವಿದರದ್ದು. ಬೀದಿಯಿಂದ ಕಾಣುವ ಕಟ್ಟಡದ ಫೋಟೊ ತೆಗೆದು ಮಾರಲು ಅಮೆರಿಕದ ಕಾನೂನು ಬಿಡುತ್ತದೆ, ಶಿಲ್ಪಕ್ಕೆ ಆ ಸವಲತ್ತಿಲ್ಲ. ನೆನಪಿಗೆಂದು ತೆಗೆದರೆ ಯಾರೂ ಕೇಳುವುದಿಲ್ಲ. ಕ್ಯಾಲೆಂಡರ್ ಮಾಡಿ ಮಾರುವುದಾದರೆ ಅಪ್ಪಣೆ ಬೇಕು. ಪಾರ್ಕು ತೆರೆದ ಹೊಸತರಲ್ಲಿ ಕಾವಲುಗಾರರು ವೃತ್ತಿಪರ ಛಾಯಾಗ್ರಾಹಕರನ್ನು ತಡೆದು ಪರವಾನಗಿ ಕೇಳಿದ್ದು ದೊಡ್ಡ ಗಲಾಟೆಯೇ ಆಗಿತ್ತು. ಜನರಿಗಾಗಿ ಇಟ್ಟ ಕಲೆಯ ಮೇಲೆ ಜನರಿಗೆಷ್ಟು ಹಕ್ಕು ಎಂಬ ಪ್ರಶ್ನೆ ಆಮೇಲೆ ದಿನವಿಡೀ ನನ್ನ ಬೆನ್ನು ಬಿಡಲಿಲ್ಲ.

ಪಕ್ಕದ ಕ್ರೌನ್ ಫೌಂಟನ್‌ನಲ್ಲಿ ಗಾಜಿನ ಇಟ್ಟಿಗೆಯ ಎರಡು ಗೋಪುರಗಳ ಮೇಲೆ ಊರವರ ಮುಖಗಳು ಬದಲಾಗುತ್ತವೆ, ತುಟಿ ಮುಂದೆ ಮಾಡಿ ನೀರು ಉಗುಳುತ್ತವೆ. ವಿಡಿಯೊಗೆ ಚೆಂದ, ಫೋಟೊಗೆ ಅಷ್ಟಕ್ಕಷ್ಟೆ.

ಅಲ್ಲಿಂದ ದಕ್ಷಿಣಕ್ಕೆ ನಾಲ್ಕು ಹೆಜ್ಜೆ ಹಾಕಿದರೆ ಆರ್ಟ್ ಇನ್‌ಸ್ಟಿಟ್ಯೂಟ್. 1893ರ ಸೆಪ್ಟೆಂಬರ್ 11ರಂದು ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತಾಡಿದ್ದು ಈ ಕಟ್ಟಡದಲ್ಲೇ. ಭಾರತದಿಂದ ಬಂದವರೆಲ್ಲ ಹೊರಗಿನ ಕಂಚಿನ ಸಿಂಹಗಳ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ನಾನೂ ತೆಗೆಸಿಕೊಂಡೆ. ಆದರೆ ಆ ಸಿಂಹಗಳು ಬಂದದ್ದು 1894ರಲ್ಲಿ. ಸ್ವಾಮೀಜಿ ಭಾಷಣ ಮಾಡಿದ ದಿನ ಅವು ಅಲ್ಲಿರಲೇ ಇಲ್ಲ!

ಪಶ್ಚಿಮಕ್ಕೆ ತಿರುಗಿ ಫೆಡರಲ್ ಪ್ಲಾಜಾಕ್ಕೆ ಬಂದರೆ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ಅವರ ಉಕ್ಕಿನ ಶಿಲ್ಪ ‘ಫ್ಲೆಮಿಂಗೊ’, 1974ರದ್ದು. ಸುತ್ತ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋ ವಿನ್ಯಾಸದ ನೇರ ಗೆರೆಯ ಕಪ್ಪು ಕಟ್ಟಡಗಳು, ನಡುವೆ ಬಾಗಿ ಬಳುಕಿದ ಈ ಕೆಂಪು. ಕೆಟ್ಟ ಫೋಟೊ ತೆಗೆಯುವುದೇ ಇಲ್ಲಿ ಕಷ್ಟ. ಡಿಯರ್‌ಬಾರ್ನ್ ಬೀದಿ ಹಿಡಿದು ಉತ್ತರಕ್ಕೆ ನಡೆದಾಗ ಚಿತ್ರಕಾರ ಮಾರ್ಕ್ ಶಗಾಲ್ ಅವರ ಮೊಸಾಯಿಕ್ (ಬಣ್ಣದ ಚೂರುಗಳನ್ನು ಜೋಡಿಸಿದ ಚಿತ್ರ) ಸಿಕ್ಕಿತು. ಅದನ್ನು ಕಣ್ಣಲ್ಲೇ ನೋಡಿ ಮುಂದೆ ಹೋದೆ.

ಡೇಲಿ ಪ್ಲಾಜಾದಲ್ಲಿ ಪಿಕಾಸೊ. ಹದಿನೈದು ಮೀಟರ್ ಎತ್ತರದ, ತುಕ್ಕು ಬಣ್ಣದ ಉಕ್ಕಿನ ಆಕೃತಿ, ಹೆಸರಿಲ್ಲ. ಹೆಣ್ಣಿನ ಮುಖವೋ, ನಾಯಿಯೋ, ಹಕ್ಕಿಯೋ, ಅವರವರ ಕಣ್ಣಿಗೆ ಬಿಟ್ಟದ್ದು. 1967ರಲ್ಲಿ ಪರದೆ ಸರಿದಾಗ ಊರು ಕಕ್ಕಾಬಿಕ್ಕಿಯಾಗಿತ್ತಂತೆ. ಇದನ್ನು ಕಿತ್ತು ಬೇಸ್‌ಬಾಲ್ ಆಟಗಾರನ ಪ್ರತಿಮೆ ನಿಲ್ಲಿಸಿ ಎಂದು ನಗರಸಭೆಯ ಸದಸ್ಯರೊಬ್ಬರು ಸೂಚಿಸಿದ್ದೂ ಉಂಟು. ಲಕ್ಷ ಡಾಲರ್ ಸಂಭಾವನೆ ಬೇಡವೆಂದು ಪಿಕಾಸೊ ವಿನ್ಯಾಸವನ್ನು ಊರಿಗೆ ಕೊಡುಗೆಯಾಗಿ ಕೊಟ್ಟರು. ಅಮೆರಿಕಕ್ಕೆ ಮಾತ್ರ ಒಮ್ಮೆಯೂ ಬರಲಿಲ್ಲ. ಹಕ್ಕುಸ್ವಾಮ್ಯದ ಸೂಚನೆಯಿಲ್ಲದೆ ಮಾದರಿಯ ಚಿತ್ರಗಳನ್ನು ಹಂಚಿದ್ದ ಕಾರಣಕ್ಕೆ 1970ರಲ್ಲಿ ನ್ಯಾಯಾಲಯ ಇದರ ಮೇಲೆ ಯಾರ ಹಕ್ಕೂ ಇಲ್ಲ ಎಂದು ತೀರ್ಪಿತ್ತಿತು.

ಅಂದರೆ ಇದರ ಫೋಟೊವನ್ನು ನಾನು ಪೋಸ್ಟ್‌ಕಾರ್ಡ್ ಮಾಡಿ ಮಾರಿದರೂ ತಕರಾರಿಲ್ಲ. ಓರೆಯಾದ ತಳವನ್ನು ಮಕ್ಕಳು ಜಾರುಬಂಡೆ ಮಾಡಿಕೊಂಡಿದ್ದರು. ನೆಲಕ್ಕೆ ಕೂತು, ವೈಡ್ ಲೆನ್ಸ್‌ನಲ್ಲಿ ಮೇಲಿನ ಆ ದೊಡ್ಡ ಮುಖವನ್ನೂ ಕೆಳಗಿನ ಜಾರಾಟವನ್ನೂ ಒಟ್ಟಿಗೆ ಹಿಡಿಯಬೇಕೆನ್ನಿಸಿತು. ಪಿಕಾಸೊನ ಅಪ್ಪಣೆ ಬೇಕಿರಲಿಲ್ಲ, ಆ ಮಕ್ಕಳ ತಾಯಂದಿರದ್ದು ಬೇಕಿತ್ತು. ಒಬ್ಬಾಕೆ ಒಪ್ಪಿದರು, ಇನ್ನೊಬ್ಬಾಕೆ ತಲೆಯಾಡಿಸಿ ಬೇಡವೆಂದರು.